ಸತ್ಯವ್ವ ಕೇಳಿಸಿದ ಪ್ರಶ್ನೆ

ಆ ಕಾಲಕ್ಕೆ ಬೈಲಹೊಂಗಲದ ಕ್ರೈಸ್ತ ಸಭೆಯಲ್ಲಿ ಇದ್ದದ್ದು ಕೆಲವೇ ಮನೆಗಳು. ಎಲ್ಲರೂ ಊರ ಹೊರಗಿನ ಕೇರಿಯಿಂದ ಬಂದವರು. ಅವರೊಳಗೆ ರಾಯಪ್ಪನ ಮಗಳು ಸತ್ಯವ್ವ ಓದು ಕಲಿತು, ಪ್ರಾರ್ಥನಾಮಂದಿರದ ಪಡಸಾಲೆಯಲ್ಲಿ ಹುಡುಗಿಯರಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಸಾವಿರದ ಒಂಬೈನೂರ ಹನ್ನೆರಡರ ಸುಗ್ಗಿ ಮುಗಿದ ಮೇಲೆ ಚಚಡಿಯ ಉಳವಪ್ಪ ಅಲ್ಲಿಗೆ ಬರತೊಡಗಿದ. ಹೊಲಮನೆಯುಳ್ಳ ಲಿಂಗವಂತರ ಹುಡುಗ. ಅಂಥವನೊಬ್ಬ ಚಪ್ಪಲಿ ಬಿಟ್ಟು ಬಂದು ತಮ್ಮ ಜೊತೆ ಚಾಪೆಯ ಮೇಲೆ ಕುಳಿತದ್ದು ಕೇರಿಯವರಿಗೆ ಹಬ್ಬದಂತಾಗಿತ್ತು.

ಮಳೆಗಾಲದ ಹೊತ್ತಿಗೆ ಅವನು ಪಾದ್ರಿಯವರ ಮುಂದೆ ಮನಸ್ಸು ಬಿಚ್ಚಿದ. ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ, ಸತ್ಯವ್ವನನ್ನು ಮದುವೆಯಾಗುತ್ತೇನೆ ಎಂದ. ಜಾತಿ ಬಿಟ್ಟರೆ ಮಗ ಸತ್ತನೆಂದೇ ತಿಳಿಯುತ್ತೇನೆ ಎಂದು ಅವನ ತಾಯಿ ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನು ಹಿಂದೆಗೆಯಲಿಲ್ಲ. ಪಾದ್ರಿಯವರ ಮುಖ ಅರಳಿತು. ಸತ್ಯವ್ವನಿಗೂ ಅವನೆಂದರೆ ಜೀವ. ಅವನು ಬರುವ ದಾರಿಯತ್ತ ಅವಳ ಕಣ್ಣು ತಾನಾಗಿ ಹೋಗುತ್ತಿತ್ತು.

ಅಷ್ಟರಲ್ಲಿ ಅವಳು ಹೊಲಿಗೆ ಕಲಿಯಲು ಬೆಳಗಾವಿಗೆ ಹೋಗಿ ಕೆಲವು ವಾರ ಇದ್ದು ಬಂದಳು. ಆ ವಾರಗಳಲ್ಲಿ ಉಳವಪ್ಪ ಸಭೆಗೆ ಬಂದಿರಲೇ ಇಲ್ಲ. ಯಾಕೆಂದು ಕೇಳಿದಳು.

"ನೀ ಇಲ್ಲದ ಸಭಾದಾಗ ನನಗೇನ್ ಕೆಲಸ?" ಎಂದು ಅವನು ನಕ್ಕ.

ಆ ಮಾತು ಕೇಳಿ ಅವಳ ಮೈ ಜುಮ್ಮೆಂದಿತು. ಮರುದಿನ ಬೆಳಿಗ್ಗೆ ಬೀಸಲು ಕುಳಿತಾಗ ಅದೇ ಮಾತು ಭಾರವಾಯಿತು. ಬೀಸುವುದನ್ನು ಅರ್ಧಕ್ಕೇ ಬಿಟ್ಟು, ಸೆರಗಿಗೆ ಕೈಯೊರೆಸಿಕೊಂಡು ಪಾದ್ರಿಯವರ ಮನೆಗೆ ಹೋದಳು.

"ಉಳವಪ್ಪನವರನ್ನ ಒಂದ್ ಮಾತು ಕೇಳ್ರಿ," ಎಂದಳು. "ನಾಳೆ ಸತ್ಯವ್ವ ಬ್ಯಾರೆಯವರನ್ನ ಲಗ್ನ ಆದ್ರೂ ನೀ ದೀಕ್ಷಾ ತಗೋತಿ ಏನಂತ ಕೇಳ್ರಿ."

ಪಾದ್ರಿಯವರಿಗೆ ಹಿಡಿಸಲಿಲ್ಲ. "ಒಳಗ ಬರಾಕ ಹತ್ತಿದಾಂವನ್ನ ಬಾಗಲದಾಗ ನಿಂದರಸ್ತಿ ಏನವಾ? ಬಂದ ಮ್ಯಾಲೆ ನಂಬಿಕಿ ತಾನ ಬೆಳಿತೈತಿ."

"ಬೆಳೀಲಿಲ್ಲಂದ್ರ? ನನ್ನ ಸಲುವಾಗಿ ದೇವರ ಹತ್ರ ಬಂದವರು ನನ್ನ ಮ್ಯಾಲೆ ಸಿಟ್ಟಾದ ದಿನ ದೇವರನ್ನೂ ಬಿಡತಾರ್ರಿ. ಆವಾಗ ಅವರಿಗೆ ಅವ್ವನ ಮನಿನೂ ಇರೂದಿಲ್ಲ."

ಪಾದ್ರಿಯವರು ಆ ಭಾನುವಾರ ಉಳವಪ್ಪನನ್ನು ಒಳಗೆ ಕರೆದು, ಅವಳು ಹೇಳಿದಂತೆಯೇ ಕೇಳಿದರು.

ಉಳವಪ್ಪ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಸುಳ್ಳು ಹೇಳಾಕ ಬರೂದಿಲ್ರಿ," ಎಂದ ಕೊನೆಗೆ. "ತಗೊಳ್ಳೂದಿಲ್ಲ."

ಹೊರಗೆ ಬೇವಿನ ಮರದ ಕೆಳಗೆ ಸತ್ಯವ್ವ ನಿಂತಿದ್ದಳು. ಅವನು ಅವಳ ಹತ್ತಿರ ಬಂದ.

"ನೀನ ನನ್ನ ಕೇಳಬಹುದಿತ್ತಲ್ಲ?"

"ನಾ ಕೇಳಿದ್ರ ನೀವು ಹೂಂ ಅಂತಿದ್ರಿ. ನಾನೂ ನಂಬತಿದ್ದೆ."

ಅವನು ರುಮಾಲು ಸುತ್ತಿಕೊಂಡು ಚಚಡಿಯ ದಾರಿ ಹಿಡಿದ. ಅವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು. ರಾಯಪ್ಪ ಮಗಳ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತ. ಕೇರಿಯವರು ಮಾತ್ರ ಸುಮ್ಮನಿರಲಿಲ್ಲ. ಕೈಗೆ ಬಂದ ಆತ್ಮವನ್ನು ಈ ಹುಡುಗಿ ಕಳೆದಳು ಎಂದರು. ಕೆಲವರು ತಮ್ಮ ಮಕ್ಕಳನ್ನು ಅವಳ ಪಾಠಕ್ಕೆ ಕಳಿಸುವುದನ್ನೇ ಬಿಟ್ಟರು. ಅವಳು ಉಳಿದ ಹುಡುಗಿಯರಿಗೆ ಕಲಿಸಿದಳು. ಮರುವರ್ಷ ಉಳವಪ್ಪನಿಗೆ ಸಿರಸಂಗಿಯ ಹೆಣ್ಣು ತಂದರೆಂದು ಕೇಳಿದ ದಿನ, ತಲೆನೋವೆಂದು ಪಾಠವನ್ನು ಬೇಗ ಬಿಟ್ಟಳು.

ಮುಂದೆ ಸವದತ್ತಿಯ ಸಭೆಯಿಂದ ನೇಕಾರ ಸಂಗಪ್ಪನ ಸಂಬಂಧದ ಸುದ್ದಿ ಬಂತು. ನೋಡಲು ಬಂದ ಸಂಗಪ್ಪ ಮೊದಲು ಹೇಳಿದ್ದು ಒಂದೇ ಮಾತು: "ನನಗ ಸಿಟ್ಟು ಭಾಳ. ಆಮ್ಯಾಲೆ ಯಾಕ ಹೇಳಲಿಲ್ಲ ಅನಬ್ಯಾಡ್ರಿ."

ಸತ್ಯವ್ವ ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ತಂದೆಯನ್ನು ಕರೆದುಕೊಂಡು ಸವದತ್ತಿಗೆ ಹೋಗಿ, ಸಂಗಪ್ಪನ ಮನೆಯ ಎದುರಿಗಿದ್ದ ಅವನ ಅಕ್ಕನ ಮನೆಯಲ್ಲಿ ಕೆಲವು ದಿನ ಉಳಿದಳು. ಇದೆಂಥ ರೀತಿ ಎಂದು ಜನ ಆಡಿಕೊಂಡರು. ಒಂದು ಸಂಜೆ ಸಂಗಪ್ಪ ನೀರಿನ ಸರದಿಗಾಗಿ ನೆರೆಯವನೊಂದಿಗೆ ಜಗಳವಾಡಿದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನ ಮಾತು ಕೆಟ್ಟದಾಗಿಯೇ ಇತ್ತು. ಬೆಳಗಾದ ಮೇಲೆ ಅವನು ಮಗ್ಗಕ್ಕೆ ಕುಳಿತುಕೊಳ್ಳುವ ಮೊದಲು ಆ ನೆರೆಯವನ ಬಾಗಿಲಿಗೆ ಹೋಗಿ, "ತಪ್ಪಾತೋ ತಮ್ಮಾ, ಮನಸಿನ್ಯಾಗ ಇಟಕೋಬ್ಯಾಡ," ಎಂದದ್ದನ್ನೂ ನೋಡಿದಳು. ತನ್ನನ್ನು ಯಾರೋ ನೋಡುತ್ತಿದ್ದಾರೆಂಬುದು ಅವನಿಗೆ ಗೊತ್ತಿರಲಿಲ್ಲ.

"ಏನಂತಿ ಮಗಳ?" ಎಂದು ರಾಯಪ್ಪ ಕೇಳಿದ.

"ಇವರ ಜೋಡಿ ಬಾಳ್ವೆ ಮಾಡಬಹುದು ಅಪ್ಪಾ," ಎಂದಳು ಸತ್ಯವ್ವ.

ಬೈಲಹೊಂಗಲದ ಪಾದ್ರಿಯವರೇ ಸವದತ್ತಿಗೆ ಬಂದು ಮದುವೆ ಮಾಡಿಸಿದರು. ಸಂಗಪ್ಪನ ಸಿಟ್ಟು ಹೋಗಲಿಲ್ಲ. ಎಷ್ಟೋ ರಾತ್ರಿ ಗಂಡ ಹೆಂಡತಿ ಮಾತು ಬಿಟ್ಟು ಮಲಗಿದ್ದೂ ಉಂಟು. ಆದರೆ ಬೆಳಿಗ್ಗೆ ಇಬ್ಬರೂ ಪ್ರಾರ್ಥನೆಗೆ ಮೊಣಕಾಲೂರಿದ ಮೇಲೆ, ಯಾರಾದರೊಬ್ಬರು ಮೊದಲು ಮಾತಾಡುತ್ತಿದ್ದರು.