ಕಬ್ಬಿನ ಹಾಲಿನ ಕೊಸರು

ರೆಸಿಫೆಯ ಸಂತೆಯಲ್ಲಿ ಕಬ್ಬಿನ ಹಾಲು ಮಾರುವ ಒಝೇಯಸ್‌ಗೆ ಕೊಸರು ಹಾಕದಿದ್ದರೆ ಸಮಾಧಾನವಿಲ್ಲ. ಗಿರಾಕಿ ಲೋಟ ಕೆಳಗಿಡುವಷ್ಟರಲ್ಲಿ ಜಗ್ಗಿನ ತಳದಲ್ಲಿ ಉಳಿದದ್ದನ್ನು ಸುರಿದುಬಿಡುತ್ತಾನೆ. ನಮ್ಮಲ್ಲಿ ಇದಕ್ಕೆ ಶೊರೀನ್ಯು ಎನ್ನುತ್ತಾರೆ, ಅಂದರೆ ಪುಟ್ಟ ಅಳು. ಇನ್ನೊಂದು ಗುಟುಕಿಗಾಗಿ ಗೋಗರೆಯುವವರಿಂದ ಬಂದ ಹೆಸರು. ಕೊಸರಿಗೆ ಲೆಕ್ಕ ಕೇಳುವವನು ಮನುಷ್ಯನೇ ಅಲ್ಲ ಎಂದು ಅವನ ನಂಬಿಕೆ.

ಇಂಥವನಿಗೆ ಫೋನಿನ ಕ್ಯಾಸಿನೊ ‘ನೀವು ನೂರು ಹಾಕಿ, ನಮ್ಮದೊಂದು ನೂರು ಬೋನಸ್’ ಎಂದಿತು. ಅವನು ಏನೂ ಓದದೆ ಒಪ್ಪಿಗೆ ಒತ್ತಿದ. ಸೋತಿದ್ದರೆ ಬದುಕಿಕೊಳ್ಳುತ್ತಿದ್ದ. ಪಾಪಿ, ಗೆದ್ದ. ಮೂರು ಸಾವಿರ ರೆಯಾಲ್.

ಅವನ ಹಳೆಯ ಗಾಣ ಹೆಂಡತಿ ಮರಿನಾಲ್ವಳ ಎರಡು ಬೆರಳನ್ನು ಕಬ್ಬಿನ ಜೊತೆಗೇ ಅರೆದಿತ್ತು. ಗೆದ್ದೆ ಎಂದಾಗ ಅವಳು ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಮುತ್ತಿಟ್ಟಳು. ಮರುದಿನವೇ ಹಳೆಯ ಗಾಣವನ್ನು ಒಬ್ಬನಿಗೆ ಮಾರಿ, ಬಂದ ಹಣವನ್ನು ಹೊಸದಕ್ಕೆ ಮುಂಗಡ ಕೊಟ್ಟು ಬಂದಳು. ಉಳಿದದ್ದು ಗೆದ್ದ ಹಣದಿಂದ ಸಂದಾಯವಾಗಬೇಕಿತ್ತು.

ಒಝೇಯಸ್ ಆ ಹಣ ತೆಗೆಯಲು ಹೋದರೆ ಬರಲಿಲ್ಲ. ಪಕ್ಕದಲ್ಲಿ ತಪಿಯೋಕ ರೊಟ್ಟಿ ಸುಡುವ ಜುಲೇಡ ಫೋನು ಇಸಿದುಕೊಂಡು ಕರಾರು ಓದಿದಳು.

“ಕಣ್ಣು ಎಲ್ಲಿಟ್ಟಿದ್ಯೋ ಒತ್ತೋವಾಗ?”

“ಕೊಸರಲ್ವಾ ಜುಲೇಡಕ್ಕ. ಕೊಸರಿಗೂ ಕರಾರಿರತ್ತಾ?”

“ಇರತ್ತಪ್ಪ. ನಿನ್ನ ನೂರು, ಅವರ ನೂರು, ಎರಡೂ ಸೇರಿಸಿ ಅದರ ನಲವತ್ತರಷ್ಟು ಆಡಿ ಮುಗಿಸೋವರ್ಗೂ ಬಿಡಿಗಾಸು ಬಿಡಲ್ಲ. ನೀನು ಒಂದು ಗುಟುಕು ಕೊಸರು ಹಾಕಿ, ಇನ್ನು ನಲವತ್ತು ಲೋಟ ದುಡ್ಡು ಕೊಟ್ಟು ಕುಡಿದೇ ಹೋಗ್ಬೇಕು ಅಂತ ಗಿರಾಕಿ ಕಾಲು ಕಟ್ಟಾಕಿದ್ರೆ ಹೆಂಗೆ? ಹಂಗೆ.”

“ಗೆದ್ದಿದ್ದು ನನ್ನ ದುಡ್ಡಲ್ಲಿ.”

“ಅವರದ್ದು ಮುಟ್ಟದೇ ಇದ್ದಿದ್ರೆ ಈಗ್ಲೇ ಕೈಗೆ ಬರ್ತಿತ್ತು. ಮುಟ್ಟಿದೀಯ, ಎಲ್ಲಕ್ಕೂ ಬೀಗ.”

“ಬೋನಸ್ ಬೇಡ ಅಂತ ವಾಪಸ್ ಕೊಟ್ರೆ?”

“ಗೆದ್ದಿದ್ದೂ ಅದರ ಹಿಂದೇನೇ ಹೋಗತ್ತೆ. ಚೂರುಚೂರೇ ಆಡು, ವಾರ ಆಗ್ಲಿ, ಬಹುಪಾಲು ಉಳೀಬೋದು. ಮೊದ್ಲು ಹೋಗಿ ಅವಳಿಗೆ ಹೇಳು.”

ಬುದ್ಧಿಮಾತೇ. ಆದರೆ ಗಾಣ ಕೊಂಡವನು ಮಧ್ಯಾಹ್ನವೇ ಬರುವವನಿದ್ದ. ಹೇಳಲೆಂದು ಒಝೇಯಸ್ ಎರಡು ಸಲ ಹೆಂಡತಿಯ ಹತ್ತಿರ ಹೋದ. ಅವಳು ಹಾಡು ಗುನುಗುತ್ತಿದ್ದಳು. ಆ ಮುತ್ತನ್ನು ಅವಳು ಹಿಂದಕ್ಕೆ ತೆಗೆದುಕೊಂಡುಬಿಡುತ್ತಾಳೆ ಎಂದು ಅವನಿಗೆ ಭಯವಾಯಿತು, ಇಷ್ಟು ದೊಡ್ಡ ಗಂಡಸಿಗೆ. ಕಬ್ಬಿನ ರಾಶಿಯ ಹಿಂದೆ ಕುಳಿತು, ಬೇಗ ಮುಗಿಯಲೆಂದು ದೊಡ್ಡ ದೊಡ್ಡ ಮೊತ್ತ ಹೂಡಿದ. ಬೀಗ ತೆರೆಯುವ ಮೊದಲೇ ಪೆಟ್ಟಿಗೆ ಬರಿದಾಯಿತು. ಅಳೋಣವೆಂದರೆ ಅಳುವೂ ಬರಲಿಲ್ಲ.

“ಎಲ್ಲಿದೀಯೋ? ಬಂದು ಕೈ ಹಚ್ಚು,” ಮರಿನಾಲ್ವ ಕೂಗಿದಳು.

ಗಾಡಿ ಬಂದಿತ್ತು. ಬೇಡ, ನಿಲ್ಲಿಸಿ ಎನ್ನಲು ಅವನು ಬಾಯಿ ತೆರೆದ. ಆದರೆ ಬಗ್ಗಿ, ಗಾಣದ ಭಾರದ ಕಡೆಯನ್ನು ತಾನೇ ಎತ್ತಿ, ಅನ್ನ ಕೊಡುತ್ತಿದ್ದುದನ್ನು ಪರರ ಗಾಡಿಗೆ ಏರಿಸಿದ.

ಗಾಡಿ ಹೋದ ಮೇಲೆ ಮರಿನಾಲ್ವ ಖಾಲಿ ಜಾಗಕ್ಕೆ ಬಕೆಟ್ ನೀರು ಸುರಿದು ಉಜ್ಜತೊಡಗಿದಳು.

“ಹೊಸದು ಸಂಜೆಗೇ ತರ್ತಾರಂತೆ. ಉಳಿದ ದುಡ್ಡು ಕಳಿಸ್ಬಿಡು.”

“ಕಳಿಸ್ತೀನಿ,” ಎಂದ ಒಝೇಯಸ್. ಅವಳು ಮತ್ತೊಂದು ಬಕೆಟ್ ಕೇಳಿದಳು. ಅವನು ನೀರು ತರಲು ಹೋದ.