ತೋಡಿದ ತೊರೆ

"ಹೇಳಿ ಹೇಳಿ ಸಾಕಾಗಿತ್ತು ಕಣೇ. ಅಂತೂ ಬಂದ ನೋಡು ಡೂಗಲ್, ತೊರೆ ತೋಡೋ ಯಂತ್ರ ತಗೊಂಡು. ಇನ್ನು ಮಳೆ ಬಂದ್ರೂ ದಾರಿ ಮೇಲೆ ನೀರು ನಿಲ್ಲಲ್ಲ."

ಫೋನಿನಲ್ಲಿ ರಿಪೇಕತ್ತೆಯ ದನಿ ಹಗುರವಾಗಿತ್ತು. ಅವಳ ಗಂಡ ಟಿಯೋಟಿ ಮಾವ ತೀರಿಕೊಂಡು ವರ್ಷವಾಗಿತ್ತು. ನಮ್ಮ ಪದ್ಧತಿಯಂತೆ ಶನಿವಾರ ಅವನ ಸಮಾಧಿಕಲ್ಲಿಗೆ ಹೊದಿಸಿದ ಬಟ್ಟೆ ಸರಿಸಬೇಕು. ಉತ್ತರದಿಂದ ಅವನ ಬಳಗವೆಲ್ಲ ಬರುತ್ತದೆ. ಬಂದವರ ತಟ್ಟೆಗೆ ಕನಕನಾ ಮೀನು ಬಡಿಸದಿದ್ದರೆ ಮಟೌರಾ ಹೊಳೆಯ ಮಾವೊರಿಗಳೆಂದು ಹೇಳಿಕೊಳ್ಳಲು ನಮಗೆ ಮುಖವಿಲ್ಲ.

ಹಾವಿನಂಥ, ದವಡೆಯಿಲ್ಲದ ಮೀನು ಅದು. ವಸಂತದಲ್ಲಿ ಸಮುದ್ರದಿಂದ ಬಂದು, ಬಾಯಿಯಿಂದ ಬಂಡೆಗೆ ಅಂಟಿಕೊಂಡು ಜಲಪಾತ ಹತ್ತುತ್ತದೆ. ಅದೇಕೆ ಕಡಿಮೆಯಾಗುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಈ ವರ್ಷ ಜಲಪಾತದಲ್ಲಿ ಅತ್ತೆಯ ಕೈಗೆ ಒಂದೂ ಸಿಕ್ಕಿರಲಿಲ್ಲ. ನನಗೆ ಉಳಿದಿದ್ದ ಆಸೆಯೆಂದರೆ ಅವಳ ಮನೆಯ ಹಿಂದಿನ ತೊರೆ. ಅದರ ಕೆಸರಿನಲ್ಲಿ, ಕನಕನಾದ ದಾರದಂಥ ಕುರುಡು ಮರಿಗಳು ವರ್ಷಗಟ್ಟಲೆ ಹೂತುಕೊಂಡು ಬೆಳೆಯುತ್ತಿದ್ದವು. ಅವುಗಳ ವಾಸನೆ ಹಿಡಿದೇ ದೊಡ್ಡ ಮೀನುಗಳು ಈ ಕಡೆ ತಿರುಗುವುದು. ಅತ್ತೆಗೆ ಇದನ್ನು ಹೇಳಿದ್ದೆ. ಆದರೆ ಅವಳ ಪಾಲಿಗೆ ಕನಕನಾ ಎಂದರೆ ಜಲಪಾತ, ತೊರೆ ಎಂದರೆ ದಾರಿಗೆ ನುಗ್ಗುವ ಚರಂಡಿ.

ನಾನು ಹೋಗುವಷ್ಟರಲ್ಲಿ ಕೆಸರೆಲ್ಲ ದಡದ ಮೇಲೆ ರಾಶಿಬಿದ್ದು ಬಿಸಿಲಿಗೆ ಬಿಗಿಯುತ್ತಿತ್ತು. ಅತ್ತೆ ಕೊಟ್ಟ ಚಹಾವನ್ನು ಡೂಗಲ್ ಕುಡಿಯುತ್ತಿದ್ದ. ನಾನು ಮಂಡಿಯೂರಿ ರಾಶಿಯನ್ನು ಬಗೆಯತೊಡಗಿದೆ.

"ನೋಡಪ್ಪಾ, ಇಷ್ಟು ಓದಿಸಿದ್ದು ಮಣ್ಣಲ್ಲಿ ಆಡೋಕೆ," ಎಂದು ಅತ್ತೆ ನಕ್ಕಳು.

ಸಿಕ್ಕ ಮರಿಯೊಂದನ್ನು ಅವಳ ಅಂಗೈಗೆ ಹಾಕಿದೆ.

"ಥೂ, ಹುಳ!"

"ಹುಳ ಅಲ್ಲ ಅತ್ತೆ. ಇದೇ ಕನಕನಾ ಮರಿ."

ಅವಳು ಬೆರಳ ತುದಿಯಿಂದ ಅದನ್ನು ತಟ್ಟಿದಳು. ಅದು ಅಲುಗಲಿಲ್ಲ.

"ಡೂಗಲ್, ಮಣ್ಣು ವಾಪಸ್ ಹಾಕು."

"ಈಗಿನ್ನೂ ತೆಗಿ ಅಂದ್ರಲ್ಲಮ್ಮ!"

"ಹಾಕು ಅಂದೆ!"

ಅವನು ಒಂದಿಷ್ಟು ಹಾಕಿದ. ನೀರು ಕಂದುಬಣ್ಣಕ್ಕೆ ತಿರುಗಿ, ಎಲ್ಲವನ್ನೂ ಕೊಚ್ಚಿಕೊಂಡು ಹೋಗಿ, ಮತ್ತೆ ತಿಳಿಯಾಯಿತು. ತಳದಲ್ಲಿ ಬರೀ ಗಟ್ಟಿ ಜೇಡಿ. ಅತ್ತೆಯೂ ನಾನೂ ದಡದಲ್ಲಿ ಉಳಿದ ರಾಶಿಯಿಂದ ಜೀವವಿದ್ದ ಮರಿಗಳನ್ನು ಆರಿಸಿ ಆರಿಸಿ ನೀರಿಗೆ ಬಿಟ್ಟೆವು. ಅವು ತಲೆಯಿಂದ ಜೇಡಿಯನ್ನು ತಡಕಾಡಿ, ಹುದುಗಲು ಜಾಗ ಸಿಗದೆ, ಹರಿವಿನಲ್ಲಿ ಜಾರಿಹೋದವು.

"ಎಲ್ಲಿಗೆ ಹೋಗ್ತವೆ?" ಅತ್ತೆ ಕೇಳಿದಳು.

ಅದನ್ನು ತಿಳಿದಿರಬೇಕಾದವಳು ನಾನು. ಇನ್ನೊಂದು ಹೆಂಟೆ ಒಡೆದೆ.

ಶುಕ್ರವಾರ ಜೋರು ಮಳೆ. ಶನಿವಾರ ಉತ್ತರದವರ ಬಸ್ಸು ಚಕ್ರ ಕೊಳೆಯಾಗದೆ ಬಂದು ನಿಂತಿತು. ಊಟಕ್ಕೆ ಕುರಿಮಾಂಸ, ಆಲೂಗಡ್ಡೆ. ಅವರು ತಂದಿದ್ದ ಸಿಗಡಿಗಳು ಮೇಜಿನ ನಡುವೆ ಕೆಂಪಗೆ ಕುಳಿತಿದ್ದವು.

"ದಾರಿ ಎಷ್ಟು ಚೆನ್ನಾಗಾಗಿದೆ ರಿಪೇಕಾ! ಹೋದ ಸಲ ಈ ವಯಸ್ಸಲ್ಲಿ ಬಸ್ಸು ತಳ್ಳಿಸಿದ್ದೆಯಲ್ಲೇ ನಮ್ಮ ಕೈಲಿ," ಎಂದಳು ಮಾವನ ಅಕ್ಕ.

"ಹೂಂ ಅತ್ತಿಗೆ. ತೊರೆ ತೋಡಿಸಿದೆ."

ಕನಕನಾ ಎಲ್ಲಿ ಎಂದು ಅವರು ಯಾರೂ ಕೇಳಲಿಲ್ಲ, ಮರ್ಯಾದಸ್ಥರು. ಕೇಳಿದ್ದರೆ ಅತ್ತೆ ಒಂದಿಷ್ಟು ಅಳಬಹುದಿತ್ತು. ಅವಳು ಎಲ್ಲರ ತಟ್ಟೆಗೂ ಇನ್ನೊಂದು ಸುತ್ತು ಮಾಂಸ ಬಡಿಸುತ್ತಾ ಹೋದಳು, ಬೇಡವೆಂದವರಿಗೂ.