ಹದಿನೇಳನೆಯ ಅಡಿಟಿಪ್ಪಣಿ

ಪುಟದ ತಳದಲ್ಲಿ, ಗೆರೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುವುದನ್ನು ನೀವು ಕೊನೆಯ ಸಲ ಓದಿದ್ದು ಯಾವಾಗ? ಗೆರೆಯ ಮೇಲಿನದ್ದನ್ನು ಓದುತ್ತೀರಿ, ಅನ್ಯಾಯದ ವಿವರ ಬಂದಲ್ಲಿ ಒಂದು ನಿಟ್ಟುಸಿರು ಬಿಡುತ್ತೀರಿ, ಪುಟ ತಿರುವುತ್ತೀರಿ. ನೀಲಿ ರಕ್ಷಾಪುಟದ ಆ ಸಂಚಿಕೆಯ ನಲವತ್ತೊಂದನೆಯ ಪುಟವನ್ನೂ ಹಾಗೆಯೇ ತಿರುವಿದಿರಿ. ನಿಮ್ಮಲ್ಲಿ ಒಬ್ಬರಾದರೂ ಹದಿನೇಳನೆಯ ಅಡಿಟಿಪ್ಪಣಿಯವರೆಗೆ ಕಣ್ಣು ಇಳಿಸಿ, ‘ಇದೇನು ಬರೆದುಬಿಟ್ಟಿದ್ದೀರಿ?’ ಎಂದು ಒಂದು ಫೋನು ಮಾಡಿದ್ದರೆ ಸಾಕಿತ್ತು. ಅಚ್ಚಾದ ಮೇಲೆ ಅದನ್ನು ಮೊದಲು ಕೊನೆಯ ಚುಕ್ಕೆಯವರೆಗೆ ಓದಿದವರು ಇಬ್ಬರು. ಅವರು ಚಂದಾದಾರರಲ್ಲ.

“ಕೋಟು ರೆಡಿ ಇದೆ ಮೇಡಂ,” ಎಂದಳು ಟೈಲರ್ ಅಕ್ಕ. ಹೊಲಿಗೆ ಯಂತ್ರದ ಮೇಲೆ ಬಾಗಿದ ತಲೆ ಮೇಲೇಳಲಿಲ್ಲ.

ಕಿರಿಯ ವಕೀಲೆ ಬಾಗಿಲಲ್ಲಿಯೇ ತಡೆದು ನಿಂತಳು. ಬೆಳಗಿನ ಹನ್ನೊಂದು ಗಂಟೆ. ತನ್ನ ಲೇಖನದ ಬಗ್ಗೆ ಮಾತನಾಡಲೆಂದು ಒಂದು ಸಮ್ಮೇಳನಕ್ಕೆ ಹೋಗಿದ್ದವಳು ಹತ್ತು ದಿನಗಳ ಮೇಲೆ ಹಿಂದಿನ ಸಂಜೆಯಷ್ಟೇ ಮರಳಿದ್ದಳು. ಲೇಖನ ಅಚ್ಚಾದ ಸಂಚಿಕೆಯ ಒಂದು ಪ್ರತಿಯನ್ನು ಅಕ್ಕನಿಗೆಂದೇ ಕಂದು ಕಾಗದದಲ್ಲಿ ಸುತ್ತಿ ತಂದಿದ್ದಳು.

“ಇದೇನಕ್ಕ, ಮೇಡಂ ಅಂತೀರ? ಕೋಟು ಕೊಟ್ಟು ಹೋದ ದಿನ ತಂಗಿ ಆಗಿದ್ದೆ. ಬೇರೆ ವಕೀಲರ ಕೋಟು ಮೊಣಕೈ ಹತ್ರ ಸವೆಯತ್ತೆ, ನಿಂದು ಮಾತ್ರ ಜೇಬು ಹರಿಯತ್ತೆ, ಅದೇನು ಕಲ್ಲು ತುಂಬ್ಕೊಂಡು ಓಡಾಡ್ತೀಯಾ ಅಂತ ಬೈದಿದ್ರಿ.”

“ಒಳಗೆ ಬನ್ನಿ. ಬಾಗಿಲಲ್ಲಿ ನಿಂತ್ರೆ ಬೆಳಕಿಗೆ ಅಡ್ಡ.”

ಒಳಗೆ ಬಂದು ಪೊಟ್ಟಣವನ್ನು ಚಾಚಿದಳು. ಅಕ್ಕ ಅದನ್ನು ಮುಟ್ಟಲಿಲ್ಲ. ಯಂತ್ರದ ಮೇಜಿನ ಡ್ರಾಯರ್ ಎಳೆದಳು. ದಾರದ ಉಂಡೆ, ಗುಂಡಿ, ಸೀಮೆಸುಣ್ಣದ ಚೂರುಗಳ ನಡುವೆ ನೀಲಿ ರಕ್ಷಾಪುಟ ಕಾಣಿಸಿತು.

“ನನ್ನ ಹತ್ರ ಆಗ್ಲೇ ಒಂದಿದೆ.”

ಆ ಪ್ರತಿ ತಾನಾಗಿಯೇ ನಲವತ್ತೊಂದನೆಯ ಪುಟಕ್ಕೆ ತೆರೆದುಕೊಂಡಿತು. ಹದಿನೇಳನೆಯ ಟಿಪ್ಪಣಿಯ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು, ಪಟ್ಟಿ ಹಿಡಿದು ಎಳೆದಷ್ಟು ನೇರವಾಗಿ.

ಆ ಪತ್ರಿಕೆಯನ್ನು ನಡೆಸುತ್ತಿದ್ದವರು ಎಂಟು ಜನ ವಕೀಲರು, ಎಲ್ಲರೂ ಮೂವತ್ತರ ಆಸುಪಾಸಿನವರು. ಅಂತರರಾಷ್ಟ್ರೀಯ ಕಾನೂನು, ಮಾನವ ಹಕ್ಕುಗಳು ಮತ್ತು ಶಾಂತಿಯನ್ನು ಕುರಿತು ಮೂರು ತಿಂಗಳಿಗೊಮ್ಮೆ ನೂರು ಪುಟ ಅಚ್ಚು ಹಾಕುತ್ತಿದ್ದರು. ಕಚೇರಿಯ ಗೋಡೆಯ ಮೇಲೆ ಸಂಪಾದಕ ತನ್ನ ಕೈಯಾರೆ ಬರೆದು ಅಂಟಿಸಿದ್ದ ಒಂದು ಹಾಳೆ ಇತ್ತು: ‘ಮೂಲವಿಲ್ಲದ ವಾಕ್ಯಕ್ಕೆ ಇಲ್ಲಿ ಜಾಗವಿಲ್ಲ.’ ಕಿರಿಯ ವಕೀಲೆ ಈ ನಿಯಮವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದಳೆಂದರೆ, ಗೆಳೆಯರು ಅವಳಿಗೆ ‘ಅಡಿಟಿಪ್ಪಣಿ’ ಎಂದೇ ಹೆಸರಿಟ್ಟಿದ್ದರು. ಹೊರಗೆ ಮೋಡ ಕವಿದಿದೆ ಎಂದರೆ ಯಾವ ಪುಟದಲ್ಲಿ ಎಂದು ಕೇಳುವವಳು ಎಂದು ನಗುತ್ತಿದ್ದರು.

ಅವಳ ಲೇಖನ, ಸಮವಸ್ತ್ರದವರು ಹಗಲಲ್ಲೇ ಕರೆದೊಯ್ದು ಆಮೇಲೆ ‘ನಮ್ಮಲ್ಲಿ ಇಲ್ಲವೇ ಇಲ್ಲ’ ಎಂದುಬಿಟ್ಟ ಜನರನ್ನು ಕುರಿತದ್ದು. ಟೈಲರ್ ಅಕ್ಕನ ತಮ್ಮ ಅವರಲ್ಲಿ ಒಬ್ಬ. ಮನೆಗಳಿಗೆ ವೈರಿಂಗ್ ಮಾಡುತ್ತಿದ್ದವನು. ಒಂದೂವರೆ ವರ್ಷದ ಹಿಂದೆ ಅವನನ್ನು ಅಂಗಡಿಯ ಎದುರಿನಲ್ಲೇ ಜೀಪಿಗೆ ಹತ್ತಿಸಿದಾಗ, ಅಕ್ಕ ಆ ಜೀಪಿನ ನಂಬರನ್ನು ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟದ ಸುತ್ತಳತೆಯ ಪಕ್ಕದಲ್ಲಿ ಬರೆದುಕೊಂಡಿದ್ದಳು. ತಮ್ಮ ಕಾಣೆಯಾಗಿದ್ದಾನೆ ಎಂದು ದೂರು ಕೊಟ್ಟಳೇ ಹೊರತು ಕಣ್ಣಾರೆ ಕಂಡೆನೆಂದು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕಿರಿಯ ವಕೀಲೆ ನಾಲ್ಕು ತಿಂಗಳು ಬಂದು ಕುಳಿತ ಮೇಲೆ, ಹೆಸರು ಹಾಕಬಾರದೆಂಬ ಒಂದೇ ಷರತ್ತಿನ ಮೇಲೆ ಹೇಳಿದಳು. ವಿಚಾರಣಾ ಸಮಿತಿಯ ಮುಂದೆ ಪುಸ್ತಕ ಇಟ್ಟು ಸಾಕ್ಷಿ ನುಡಿಯಲೂ ಒಪ್ಪಿದಳು. ಅದಕ್ಕೆ ಇಪ್ಪತ್ತೊಂದನೆಯ ತಾರೀಖು ನಿಗದಿಯಾಗಿತ್ತು.

ಲೇಖನದಲ್ಲಿ ಅವಳು ‘ಸಾಕ್ಷಿ ಮೂರು’ ಆದಳು. ಊರು ಬದಲಾಯಿತು, ಹೊಲಿಗೆಯವಳು ಶಿಕ್ಷಕಿಯಾದಳು. ಎಲ್ಲವೂ ಸರಿಯಾಗಿತ್ತು. ಕೊನೆಯ ಕರಡಿನ ಅಂಚಿನಲ್ಲಿ, ಲೇಖನವನ್ನು ಪರಿಶೀಲಿಸಿದ ಪ್ರಾಧ್ಯಾಪಕರು ಬರೆದರು: ‘ಸಾಕ್ಷಿ ಮೂರರ ಮೂಲ ಅಸ್ಪಷ್ಟ.’ ಎರಡು ನಿಮಿಷದಲ್ಲಿ ಅವಳು ಅದನ್ನು ಸ್ಪಷ್ಟಪಡಿಸಿದಳು. ಸಂದರ್ಶನ ನಡೆದ ಅಂಗಡಿ ಯಾವುದು, ಓಣಿ ಯಾವುದು, ಯಾವ ದಿನ, ಎಷ್ಟು ಹೊತ್ತಿಗೆ. ಆ ಸಾಲನ್ನು ಇಲ್ಲಿ ಮತ್ತೆ ಅಚ್ಚು ಹಾಕಿದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಿದಂತಾಗುತ್ತದೆ. ಆರು ಜನ ಆ ಕರಡನ್ನು ತಿದ್ದಿದರು. ಒಬ್ಬ ಅದಕ್ಕೊಂದು ಅಲ್ಪವಿರಾಮ ಸೇರಿಸಿದ.

“ನೀವು ಹೆಸರು ಹಾಕಲ್ಲ ಅಂದಿದ್ರಿ,” ಎಂದಳು ಅಕ್ಕ.

“ಹಾಕಿಲ್ಲ ಅಕ್ಕ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ಹೌದು, ಹೆಸರು ಹಾಕಿಲ್ಲ. ಅಂಗಡಿ ಹಾಕಿದೀರ. ಈ ಓಣೀಲಿ ಹೊಲಿಗೆ ಮಷೀನು ಇರೋದು ನಂದೊಂದೇ.” ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. “ಇಬ್ಬರು ಬಂದಿದ್ರು. ಒಬ್ಬ ಪ್ಯಾಂಟು ತಂದಿದ್ದ, ಎರಡು ಇಂಚು ಕಡಿಮೆ ಮಾಡ್ಕೊಡಿ ಅಕ್ಕ ಅಂದ. ಮರ್ಯಾದೆಯಿಂದ್ಲೇ ಮಾತಾಡಿದ್ರು. ನಾನು ಹೊಲಿಗೆ ಬಿಚ್ಚೋ ಹೊತ್ತಿಗೆ ಇನ್ನೊಬ್ಬ ಚೀಲದಿಂದ ಈ ನೀಲಿ ಪುಸ್ತಕ ತೆಗೆದು ಜೋರಾಗಿ ಓದಿದ. ಹುಡುಗಿ ಚೆನ್ನಾಗಿ ಬರೀತಾಳೆ ಅಂದ. ಆಮೇಲೆ, ನಿಮ್ಮ ಮಗಳ ಶಾಲೆ ಬಿಡೋದು ನಾಲ್ಕಕ್ಕೋ ನಾಲ್ಕೂ ಕಾಲಿಗೋ ಅಂತ ಕೇಳಿದ.”

“ನೀವೇನಂದ್ರಿ?”

“ನಾನೇನನ್ಲಿ? ಅವನಿಗೆ ಗೊತ್ತಿತ್ತು. ನಾಲ್ಕೂ ಕಾಲಿಗೆ.”

ಹೊರಗೆ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಅಕ್ಕ ಬಾಗಿಲಾಚೆ ಒಮ್ಮೆ ಇಣುಕಿ ನೋಡಿದಳು.

“ಒಂದು ಕಾಗದಕ್ಕೆ ರುಜು ಹಾಕಿಸ್ಕೊಂಡ್ರು. ನನ್ನ ತಮ್ಮ ಕೆಲಸ ಹುಡುಕ್ಕೊಂಡು ತಾನಾಗೇ ಬೇರೆ ಊರಿಗೆ ಹೋದ, ಹೋಗುವಾಗ ನನಗೆ ಹೇಳಿ ಹೋದ ಅಂತ. ಏನು ಹೇಳಿ ಹೋದ ಅಂತಾನೂ ಅವರೇ ಬರ್ಕೊಂಡು ಬಂದಿದ್ರು. ‘ಅಕ್ಕ, ನೀನು ಯೋಚನೆ ಮಾಡ್ಬೇಡ’ ಅಂದನಂತೆ. ಅಳತೆ ಪುಸ್ತಕ ತಗೊಂಡು, ಇದನ್ನ ಬಿಟ್ಟು ಹೋದ್ರು. ಈಗ ಎಲ್ಲರ ಅಳತೇನೂ ಹೊಸದಾಗಿ ತಗೋಬೇಕು.”

“ಪ್ಯಾಂಟು?” ಏಕೆ ಕೇಳಿದಳೆಂದು ವಕೀಲೆಗೇ ತಿಳಿಯಲಿಲ್ಲ.

“ಮುಗಿಸಿಕೊಟ್ಟೆ. ಅಳತೆ ಸರಿಯಾಗಿದೆ ಅಂದ.”

ವಕೀಲೆ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡಳು. “ನಾನೇನು ಮಾಡ್ಲಿ ಅಕ್ಕ? ಹೇಳಿ.”

“ಇನ್ನು ಯಾರೂ ಬರದ ಹಾಗೆ ಮಾಡಿ. ಅಷ್ಟೇ. ಮೊನ್ನೆ ಕಾಲೇಜು ಹುಡುಗಿ ಒಬ್ಬಳು ಈ ಸಾಲು ನೋಡ್ಕೊಂಡು ಬಂದು, ನಿಮ್ಮ ಕಥೆ ಬರೀಬೇಕು ಅಂದ್ಳು. ಸಂಜೇನೇ ಅವರಿಬ್ಬರೂ ಬಂದು, ಯಾರದು ಅಂತ ಕೇಳಿದ್ರು. ಹೀಗೇ ಜನ ಬರ್ತಿದ್ರೆ ಮಗಳನ್ನ ಕರ್ಕೊಂಡು ನಾನು ಊರು ಬಿಡಬೇಕು. ನಾನು ಬಿಟ್ಟ ಮೇಲೆ ಅವನು ಬಂದ್ರೆ? ಈ ಬಾಗಿಲು ಬಿಟ್ರೆ ಅವನಿಗೆ ಬೇರೆ ಬಾಗಿಲಿಲ್ಲ.”

ಅಕ್ಕ ಎದ್ದು ಗೂಟದಿಂದ ಕರಿಕೋಟನ್ನು ತೆಗೆದು, ಧೂಳು ಕೊಡವಿ ಕೊಟ್ಟಳು. “ಜೇಬಿಗೆ ಎರಡು ಹೊಲಿಗೆ ಹಾಕಿದೀನಿ. ಇನ್ನು ಹರಿಯಲ್ಲ.”

ಕಚೇರಿಯಲ್ಲಿ ಅವಳಿಗಾಗಿ ಎಲ್ಲರೂ ಕಾದಿದ್ದರು.

“ಬಂದ್ಳಪ್ಪ ಅಡಿಟಿಪ್ಪಣಿ! ಸಿಹಿ ಎಲ್ಲಿ?” ಎಂದು ಕೂಗಿದ ಸಂಪಾದಕ. ಯುವ ಬರಹಗಾರರಿಗೆ ಕೊಡುವ ಶಾಂತಿ ಪ್ರಶಸ್ತಿಯ ಪತ್ರ ಅವನ ಕೈಯಲ್ಲಿತ್ತು. ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಓದಿದ: “‘ಮೂಲಗಳ ನಿಖರತೆ ವಿಶೇಷವಾಗಿ ಮೆಚ್ಚತಕ್ಕದ್ದು.’ ನೋಡ್ರೋ, ಇವಳ ಕಾಟ ತಡ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು!”

ಅವಳು ನಡೆದದ್ದನ್ನು ಹೇಳಿದಳು. ಕುರ್ಚಿಯ ಮೇಲಿದ್ದವನು ಕೆಳಗಿಳಿದ. ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟ.

“ಆದ್ರೆ ಮೂಲ ಕೊಡದೆ ಬರೆದಿದ್ರೆ ಯಾರು ನಂಬ್ತಿದ್ರು?” ಎಂದ ಸಂಪಾದಕ. ಕೇಳಿದ್ದು ಅವಳನ್ನೋ ಗೋಡೆಯನ್ನೋ ತಿಳಿಯಲಿಲ್ಲ.

“ನಂಬಬೇಕಾದವರು ಯಾರೂ ಅದನ್ನ ಓದಲಿಲ್ಲ ಅಣ್ಣ. ಓದಿದವರು ನಂಬಿದ್ರು.”

ಹಕ್ಕುಗಳ ಬಗ್ಗೆ ಬರೆಯುವವರ ಮೇಜಿನ ಮೇಲೆ ಜೀವಂತ ಹೆಂಗಸೊಬ್ಬಳು ಒಂದು ‘ಮೂಲ’ವಾಗಿಬಿಡುವುದು ಎಷ್ಟು ಸುಲಭ! ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಒಡಂಬಡಿಕೆಗಳ ವಿಧಿಗಳು ಅವರಿಗೆ ಬಾಯಿಪಾಠವಾಗಿದ್ದವು. ಆ ಓಣಿಯಲ್ಲಿ ಎಷ್ಟು ಹೊಲಿಗೆ ಅಂಗಡಿಗಳಿವೆ ಎಂದು ಮಾತ್ರ ಅವರು ಎಣಿಸಿರಲಿಲ್ಲ.

ಇಪ್ಪತ್ತೊಂದನೆಯ ತಾರೀಖು ವಿಚಾರಣೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸಮಿತಿಯ ಗುಮಾಸ್ತ ಅಕ್ಕನ ರುಜುವಿದ್ದ ಹೇಳಿಕೆಯನ್ನು ಓದಿದ: ‘ಅಕ್ಕ, ನೀನು ಯೋಚನೆ ಮಾಡಬೇಡ.’ ಅಧ್ಯಕ್ಷರು ಕನ್ನಡಕ ತೆಗೆದು, “ಇದಕ್ಕೆ ವಿರುದ್ಧವಾದದ್ದು ಏನಾದ್ರೂ ನಿಮ್ಮ ಹತ್ರ ಇದೆಯಾ?” ಎಂದು ಕೇಳಿದರು. ಅವಳ ಹತ್ತಿರ ಇತ್ತು. ಸಂದರ್ಶನದ ದಿನಗಳಲ್ಲೇ ತೆಗೆಸಿಕೊಂಡಿದ್ದ ಅಳತೆ ಪುಸ್ತಕದ ಆ ಪುಟದ ನಕಲು, ಜೀಪಿನ ನಂಬರಿನ ಸಮೇತ, ಕರಿಕೋಟಿನ ಜೇಬಿನಲ್ಲೇ ಇತ್ತು. ಅವಳು ಜೇಬಿಗೆ ಕೈ ಹಾಕಿದಳು. ಬೆರಳಿಗೆ ಎರಡು ಸಾಲು ಹೊಸ ಹೊಲಿಗೆ ತಗಲಿತು. ಎದುರಿನ ಗೋಡೆಯ ಗಡಿಯಾರದಲ್ಲಿ ಮೂರೂವರೆ. ಇನ್ನು ಮುಕ್ಕಾಲು ಗಂಟೆಗೆ ಶಾಲೆ ಬಿಡುತ್ತದೆ.

“ಇಲ್ಲ,” ಎಂದಳು.

ಕಡತವನ್ನು ಕಟ್ಟಿದರು. ತಾನಾಗಿಯೇ ಹೋದವನನ್ನು ಕಾನೂನು ಹುಡುಕುವುದಿಲ್ಲ.

ಪ್ರಶಸ್ತಿಯನ್ನು ಅವಳು ಒಪ್ಪಿಕೊಳ್ಳಲಿಲ್ಲ. ಮುದ್ರಣದೋಷವಿದೆ, ದಯವಿಟ್ಟು ಪ್ರತಿಯನ್ನು ಹಿಂದಿರುಗಿಸಿ ಎಂದು ಚಂದಾದಾರರಿಗೆಲ್ಲ ಪತ್ರ ಹೋಯಿತು. ‘ನಮಗೆ ದೋಷವೇನೂ ಕಾಣಲಿಲ್ಲ, ಲೇಖನ ಮನ ಕಲಕಿತು’ ಎಂದು ಕೆಲವರು ಉತ್ತರ ಬರೆದರು. ಅಚ್ಚಾಗಿದ್ದದ್ದು ನಾನೂರು. ಬಂದ ಬಂದ ಹಾಗೆ ಅವಳು ಮೇಜಿನ ಮುಂದೆ ಕುಳಿತು, ಪಟ್ಟಿ ಇಟ್ಟು, ಹದಿನೇಳನೆಯ ಟಿಪ್ಪಣಿಯನ್ನು ಕಪ್ಪು ಶಾಯಿಯಿಂದ ಮುಚ್ಚಿದಳು. ಮುನ್ನೂರ ತೊಂಬತ್ತಾದವು. ಮುಂದಿನದಕ್ಕಾಗಿ ಅಂಗಡಿಗೆ ಹೋದಳು.

“ನಿಮ್ಮ ಹತ್ರ ಇರೋದನ್ನೂ ಕೊಡಿ ಅಕ್ಕ.”

“ಕೊಡಲ್ಲ,” ಎಂದಳು ಅಕ್ಕ. “ಅವನನ್ನ ಕರ್ಕೊಂಡು ಹೋದ್ರು ಅಂತ ಎಲ್ಲಾದ್ರೂ ಬರೆದಿದ್ರೆ ಇದರಲ್ಲಿ ಮಾತ್ರ. ನಾನು ರುಜು ಹಾಕಿರೋ ಕಾಗದದಲ್ಲಿ ಅವನೇ ಹೋದ ಅಂತಿದೆ. ಕೆಳಗಿಂದು ಬೇಕಾದ್ರೆ ಇಲ್ಲೇ ಕೂತು ಅಳಿಸಿ. ಮೇಲಿಂದು ಮುಟ್ಟಬೇಡಿ.”

ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಪುಟವನ್ನು ಹರಡಿದರು. ವಕೀಲೆ ಪೆನ್ನಿನ ಮುಚ್ಚಳ ತೆಗೆದಳು. ಅಕ್ಕ ತನ್ನ ಮರದ ಪಟ್ಟಿಯನ್ನು ಗೆರೆಗೆ ಸರಿಯಾಗಿ ಇಟ್ಟು, ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿ ಹಿಡಿದಳು, ಶಾಯಿ ಒಣಗುವವರೆಗೆ.

ಇನ್ನೂ ಒಂಬತ್ತು ಪ್ರತಿಗಳು ಹೊರಗಿವೆ. ಒಂದು ನಿಮ್ಮ ಕಪಾಟಿನಲ್ಲಿ ಇರಬಹುದು. ಏಳಿ, ತೆಗೆಯಿರಿ. ನೀಲಿ ರಕ್ಷಾಪುಟ, ನಲವತ್ತೊಂದನೆಯ ಪುಟ. ಗೆರೆಯ ಮೇಲೆ ಆರು ಸಾಲುಗಳಿವೆ. ಒಬ್ಬ ಮನುಷ್ಯನನ್ನು ಹಗಲಲ್ಲೇ ಕರೆದೊಯ್ದರೆಂದು ಹೇಳುವ ಆ ಸಾಲುಗಳನ್ನು ಹಾಗೆಯೇ ಬಿಡಿ. ಕೆಳಗಿನದ್ದನ್ನು ಹಾಳೆಯ ಹಿಂಬದಿಯಿಂದಲೂ ಅಕ್ಷರ ಕಾಣದಷ್ಟು ಗಾಢವಾಗಿ ಮುಚ್ಚಿರಿ. ನಾಳೆಗೆ ಇಡಬೇಡಿ. ಇವತ್ತೇ, ನಾಲ್ಕೂ ಕಾಲರ ಒಳಗೆ ಮುಗಿಸಿ.